ಸರ್ವರ್ ಆನ್ ಆಗದಿದ್ದಾಗ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ದೋಷ ಪತ್ತೆ

ಪವರ್ ಬಟನ್ ಒತ್ತಿದರೂ ಫ್ಯಾನು ತಿರುಗದ, ಅಥವಾ ಒಂದೆರಡು ಸೆಕೆಂಡು ತಿರುಗಿ ನಿಂತುಬಿಡುವ ಸ್ಥಿತಿಯನ್ನು ಸರ್ವರ್ ಆನ್ ಆಗದಿರುವುದು ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಂ ಏಳದಿರುವುದು ಬೇರೆ, ನೆಟ್‌ವರ್ಕ್ ಕಡಿದುಹೋಗುವುದು ಬೇರೆ. ಸರತಿಯಲ್ಲಿ ನಿಂತ ರೈತನಿಗೆ ಮೂರರ ಫಲವೂ ಒಂದೇ. ಕೆಲಸ ಆಗದೆ ವಾಪಸು ಹೋಗಬೇಕು. ದುರಸ್ತಿಗೆ ಕೂತವರು ಮಾತ್ರ ಮೊದಲು ಇವನ್ನು ಬೇರ್ಪಡಿಸಿಕೊಳ್ಳಬೇಕು. ಫ್ಯಾನು ತಿರುಗಿ, ಪರದೆಯ ಮೇಲೆ ಅಕ್ಷರ ಮೂಡಿದರೆ ವಿದ್ಯುತ್ತಿನ ಪಾಲು ಮುಗಿದಿದೆ, ದೋಷ ಮುಂದೆಲ್ಲೋ ಇದೆ. ಫ್ಯಾನೇ ತಿರುಗದಿದ್ದರೆ ಸಾಫ್ಟ್‌ವೇರಿನ ಯೋಚನೆ ಬಿಟ್ಟು ಕರೆಂಟು ಬರುವ ದಾರಿಯನ್ನು ಹಿಡಿಯಬೇಕು.

ಆ ದಾರಿ ಸರ್ವರಿನ ಡಬ್ಬಿಯೊಳಗೆ ಶುರುವಾಗುವುದಿಲ್ಲ. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಹೊರಟು, ಕಟ್ಟಡದ ಮೀಟರ್ ಬೋರ್ಡು, ಎಂಸಿಬಿ, ಯುಪಿಎಸ್, ಸಾಕೆಟ್ಟು, ಕೇಬಲ್ಲು ಎಲ್ಲವನ್ನೂ ದಾಟಿ ಸರ್ವರಿಗೆ ಬರುತ್ತದೆ. ಹಾಗಾಗಿ ದೋಷ ಹುಡುಕುವ ಕ್ರಮ ಎಲ್ಲ ಊರಿಗೂ ಒಂದೇ ಆದರೂ, ಯಾವುದನ್ನು ಮೊದಲು ಶಂಕಿಸಬೇಕು ಎಂಬುದು ಊರಿನ ಮಣ್ಣು, ಮಳೆ, ಕೊಳವೆಬಾವಿಗಳನ್ನು ಅವಲಂಬಿಸಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಮೊದಲ ಶಂಕೆ ಸರ್ವರಿನ ಮೇಲೆ ಹೋಗಬಾರದು, ಅದಕ್ಕೆ ಸಿಗುವ ವಿದ್ಯುತ್ತಿನ ಮೇಲೆ ಹೋಗಬೇಕು.

ಈ ಸೀಮೆಗೆ ಸರ್ವರ್ ಬಂದದ್ದು

ಈ ನಾಲ್ಕೂ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ಸಾಮಾನ್ಯ ಜನರ ಬದುಕಿಗೆ ಸರ್ವರ್ ನೇರವಾಗಿ ತಾಕಿದ್ದು ಅದಕ್ಕೂ ಮೊದಲೇ, ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯ ಮೂಲಕ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ತಂತ್ರಾಂಶ ರೂಪಿಸಿತು. ಆಗಿದ್ದ 177 ತಾಲ್ಲೂಕು ಕೇಂದ್ರಗಳಲ್ಲಿ ಭೂಮಿ ಕೌಂಟರುಗಳು ತೆರೆದವು. 15 ರೂಪಾಯಿಗೆ ಪಹಣಿ ಕೈಗೆ ಬರುತ್ತಿತ್ತು, ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೊಗಬೇಕಿತ್ತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಈ ಒಂದು ಆದೇಶದಿಂದ ತಾಲ್ಲೂಕು ಕಚೇರಿಯ ಸರ್ವರಿಗೆ ಹಿಂದೆಂದೂ ಇಲ್ಲದ ತೂಕ ಬಂತು. ಅಂದು ಆ ಯಂತ್ರ ಆನ್ ಆಗದಿದ್ದರೆ ಬ್ಯಾಂಕಿಗೆ ಕೊಡಬೇಕಾದ ಕಾಗದ ಇಡೀ ತಾಲ್ಲೂಕಿನಲ್ಲಿ ಇನ್ನೆಲ್ಲೂ ಸಿಗುವಂತಿರಲಿಲ್ಲ. ಕೌಂಟರುಗಳಿಗೆ ಯುಪಿಎಸ್ ಮತ್ತು ಜನರೇಟರ್ ಒದಗಿಸಿದ್ದಕ್ಕೆ ಇದೇ ಕಾರಣ. ಭೂಮಿಯ ದತ್ತಾಂಶ ಆಮೇಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಊರಿನಲ್ಲಿ ಉಳಿದದ್ದು ಕಾಲೇಜು, ಆಸ್ಪತ್ರೆ, ಸಹಕಾರ ಬ್ಯಾಂಕು, ಮಂಡಿ, ಕಾರ್ಖಾನೆಗಳು ತಾವೇ ಇಟ್ಟುಕೊಂಡ ಸರ್ವರುಗಳು. ದೊಡ್ಡ ಕೇಂದ್ರಗಳಲ್ಲಿ ಹಗಲಿರುಳು ಕಾವಲಿರುತ್ತದೆ. ಇಂಥ ಒಂಟಿ ಸರ್ವರುಗಳನ್ನು ನೋಡಿಕೊಳ್ಳುವವರು ಬೇರೆ ನಾಲ್ಕು ಕೆಲಸಗಳ ನಡುವೆ ಇದನ್ನೂ ನೋಡಿಕೊಳ್ಳುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಯಂತ್ರ ನಿಂತರೆ ಏನು ನಷ್ಟ ಎಂಬುದನ್ನು ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ರಾಮನಗರದ ಜೊತೆಗೆ ರಾಜ್ಯದ ದೊಡ್ಡ ಗೂಡು ಮಾರುಕಟ್ಟೆ ಇದು. ಹಿಂದೆ ಕೂಗಿ ಹರಾಜು ನಡೆಯುತ್ತಿತ್ತು, ಈಗ ಇ-ಹರಾಜು. ರೈತನ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ, ರೀಲರುಗಳು ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕವಾಗುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ತರುತ್ತಾರೆ. ಆ ಹೊತ್ತಿಗೆ ಒಳಗಿನ ಕೋಶ ಜೀವಂತ. ಗೂಡು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಹತ್ತು ಹನ್ನೆರಡನೆಯ ದಿನಕ್ಕೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ಕಡಿಯದ ಎಳೆ ತೆಗೆಯಲಾಗದು. ಪಹಣಿಯನ್ನು ನಾಳೆ ಪಡೆಯಬಹುದು, ಗೂಡಿನ ತೂಕ ನಾಳೆಗೆ ಉಳಿಯುವುದಿಲ್ಲ. ಚಿಂತಾಮಣಿಯ ಟೊಮೆಟೊ ಕೂಡ ಕಾಯುವ ಪದಾರ್ಥವಲ್ಲ. ಕೃಷಿ ಮಾರುಕಟ್ಟೆಗಳ ಆನ್‌ಲೈನ್ ವಹಿವಾಟಿಗಾಗಿ ರಾಜ್ಯ ಸರ್ಕಾರ ಪಾಲುದಾರಿಕೆಯಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ 2014ರಲ್ಲಿ ಹುಟ್ಟಿತು. ಅಲ್ಲಿಂದೀಚೆಗೆ ಮಂಡಿಯ ಲೆಕ್ಕವೂ ಪುಸ್ತಕದಿಂದ ಯಂತ್ರಕ್ಕೆ ಸರಿಯುತ್ತ ಬಂದಿದೆ. ಇಂಥ ಕಡೆ ‘ಎಂಜಿನಿಯರ್ ಬೆಂಗಳೂರಿಂದ ಬರಬೇಕು’ ಎಂಬ ಉತ್ತರ ಸಾಲದು.

ಗೋಡೆಯಿಂದ ಒಳಕ್ಕೆ

ಚಿಕ್ಕಬಳ್ಳಾಪುರ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಬೆಸ್ಕಾಂ. ನಾಲೆಯ ನೀರಾವರಿ ಇಲ್ಲದ ಸೀಮೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಸಾಮಾನ್ಯ. ಅಷ್ಟು ಆಳದಿಂದ ನೀರೆತ್ತುವ ಮೋಟಾರುಗಳಿಗೆ ತ್ರೀ ಫೇಸ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಓಡತೊಡಗುತ್ತವೆ. ಕೃಷಿ ಫೀಡರನ್ನು ಬೇರ್ಪಡಿಸದ ಕಡೆ ಆಗ ವೋಲ್ಟೇಜು ಕುಸಿಯುತ್ತದೆ, ಮೋಟಾರುಗಳು ನಿಂತಾಗ ಜಿಗಿಯುತ್ತದೆ. ಸರ್ವರಿನ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಒಗ್ಗಿಕೊಳ್ಳುತ್ತದೆ. ಆದರೆ ಹೆಚ್ಚು ವಾಟಿನ ಕೆಲವು ಸಪ್ಲೈಗಳು 200 ವೋಲ್ಟಿಗಿಂತ ಕೆಳಗೆ ಕೆಲಸ ಮಾಡಲು ಒಪ್ಪುವುದೇ ಇಲ್ಲ. ಹಗಲಿನಲ್ಲಿ ಹಠ ಹಿಡಿದ ಸರ್ವರ್ ರಾತ್ರಿ ತಾನಾಗಿ ಆನ್ ಆದರೆ ಮೊದಲು ಅಳೆಯಬೇಕಾದದ್ದು ವೋಲ್ಟೇಜು.

ಇಲ್ಲಿ ಒಂದು ಸಣ್ಣ ಉಪಕರಣದ ಬಗ್ಗೆ ಎಚ್ಚರಿಕೆ ಬೇಕು. ಎಲೆಕ್ಟ್ರಿಷಿಯನ್ನರ ಜೇಬಿನಲ್ಲಿರುವ ಟೆಸ್ಟರ್ ಫೇಸ್ ಇದೆಯೇ ಎಂದಷ್ಟೇ ಹೇಳುತ್ತದೆ. ನ್ಯೂಟ್ರಲ್ ತಂತಿ ಕಡಿದಿದ್ದರೂ ಅದು ಹೊಳೆಯುತ್ತದೆ. ‘ಕರೆಂಟು ಬರ್ತಾ ಇದೆ ಸಾರ್, ನಿಮ್ಮ ಮೆಷೀನೇ ಹೋಗಿದೆ’ ಎಂಬ ತೀರ್ಪು ಎಷ್ಟೋ ಸಲ ಹುಟ್ಟುವುದು ಹೀಗೆ. ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಯಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಕಡಿಮೆ. ಎರಡನೆಯದು ಸರಿಯಿದ್ದು ಮೊದಲನೆಯದು ತಪ್ಪಿದ್ದರೆ ನ್ಯೂಟ್ರಲ್ ಕಡಿದಿದೆ. ಮೂರನೆಯದು ಹತ್ತು ಇಪ್ಪತ್ತಕ್ಕೆ ಏರಿದ್ದರೆ ಅರ್ಥಿಂಗ್ ಕೆಟ್ಟಿರಬಹುದು, ಇಲ್ಲವೇ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ.

ಸಡಿಲ ನ್ಯೂಟ್ರಲ್ ಈ ದೋಷಗಳಲ್ಲೆಲ್ಲ ಅಪಾಯಕಾರಿ. ತ್ರೀ ಫೇಸ್ ಸಂಪರ್ಕವಿರುವ ಕಟ್ಟಡದಲ್ಲಿ ಅದು ಪೂರ್ತಿ ಕಡಿದರೆ ಒಂದು ಫೇಸಿನ ಮೇಲಿನ ಉಪಕರಣಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರದವರೆಗೂ ನುಗ್ಗಬಹುದು. ಒಂದೇ ದಿನ ಟಿವಿ, ಟ್ಯೂಬ್‌ಲೈಟು, ಸರ್ವರು ಒಟ್ಟಿಗೆ ಕೆಟ್ಟಿದ್ದರೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಅದನ್ನು ಸರಿಪಡಿಸದೆ ಹೊಸ ಪವರ್ ಸಪ್ಲೈ ಹಾಕಿದರೆ ಅದೂ ಸುಡುತ್ತದೆ.

ಅರ್ಥಿಂಗಿನ ಮಾತು ಈ ಜಿಲ್ಲೆಗೆ ವಿಶೇಷವಾಗಿ ಸಲ್ಲುತ್ತದೆ. ಅರ್ಥ್ ಗುಂಡಿಯಲ್ಲಿ ಕಬ್ಬಿಣದ ಕೊಳವೆ ಅಥವಾ ತಾಮ್ರದ ತಟ್ಟೆ ಇಟ್ಟು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ನೀರು ಹುಯ್ಯಲು ಮೇಲೊಂದು ಆಲಿಕೆ ಬಿಟ್ಟಿರುತ್ತಾರೆ. ಒದ್ದೆ ಮಣ್ಣು ವಿದ್ಯುತ್ತನ್ನು ಸಾಗಿಸುತ್ತದೆ. ಒಣ ಮಣ್ಣು, ಅದರಲ್ಲೂ ಗ್ರಾನೈಟ್ ಬಂಡೆಯ ಮೇಲಿನ ಮೊರಕಲು ಮಣ್ಣು, ತಡೆಯುತ್ತದೆ. ಮಾರ್ಚ್ ತಿಂಗಳಿಗೆಲ್ಲ ಕೆರೆ ಬತ್ತುವ ಸೀಮೆಯಲ್ಲಿ ಅರ್ಥ್ ಗುಂಡಿಯೂ ಒಣಗಿರುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹುಯ್ಯುವ ಕೆಲಸವನ್ನು ಕಟ್ಟಡದ ಕಾವಲುಗಾರರಿಗೆ ವಹಿಸಿದರೆ ಸಾಕು. ಇದಕ್ಕಿಂತ ಅಗ್ಗದ ರಕ್ಷಣೆ ಸರ್ವರಿಗೆ ಇನ್ನೊಂದಿಲ್ಲ. ಹೊಸ ಕಟ್ಟಡಗಳಲ್ಲಿ ಆ ಆಲಿಕೆಯ ಮೇಲೇ ಟೈಲ್ಸ್ ಹಾಸಿಬಿಟ್ಟಿರುವುದುಂಟು. ಅದನ್ನು ತೆಗೆಸಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಮತ್ತೊಂದು ಕಂಟಕ. ಸಿಡಿಲು ಕಟ್ಟಡಕ್ಕೇ ಬಡಿಯಬೇಕಿಲ್ಲ. ಹತ್ತಿರದಲ್ಲಿ ಬಿದ್ದರೂ ತಂತಿಗಳಲ್ಲಿ ವೋಲ್ಟೇಜು ಏಳುತ್ತದೆ. ಎಲ್ಲರೂ ಪವರ್ ಪ್ಲಗ್ ಕೀಳುತ್ತಾರೆ, ನೆಟ್‌ವರ್ಕ್ ಕೇಬಲನ್ನು ಮರೆಯುತ್ತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಎಳೆದ ತಾಮ್ರದ ಲ್ಯಾನ್ ಕೇಬಲ್ ಸಿಡಿಲಿನ ಹೊಡೆತವನ್ನು ನೇರ ಮದರ್‌ಬೋರ್ಡಿಗೆ ತರುತ್ತದೆ. ಕಟ್ಟಡಗಳ ನಡುವೆ ಫೈಬರ್ ಹಾಕಿದರೆ ಈ ದಾರಿ ಮುಚ್ಚುತ್ತದೆ, ಅದು ವಿದ್ಯುತ್ತನ್ನು ಸಾಗಿಸುವುದಿಲ್ಲ.

ಯುಪಿಎಸ್‌ಗೆ ಬಂದರೆ ಮೂರು ಸಂಗತಿ ನೋಡಬೇಕು. ಕರೆಂಟು ಹೋಗಿ ಬಂದ ಮೇಲೆ ಎಷ್ಟೋ ಯುಪಿಎಸ್‌ಗಳು ತಾವಾಗಿ ಔಟ್‌ಪುಟ್ ಕೊಡುವುದಿಲ್ಲ, ಗುಂಡಿ ಒತ್ತಬೇಕು. ಒಳಗಿನ ಸೀಲ್ಡ್ ಬ್ಯಾಟರಿಯ ಬಾಳಿಕೆ ಮೂರರಿಂದ ಐದು ವರ್ಷ. ಗಾಳಿಯಾಡದ ಬಿಸಿ ಕೋಣೆಯಲ್ಲಿ ಅದಕ್ಕೂ ಕಡಿಮೆ. ಹಳೆಯ ಜನರೇಟರಿನ ವೋಲ್ಟೇಜು, ಆವರ್ತನ ಏರಿಳಿಯುತ್ತಿದ್ದರೆ ಯುಪಿಎಸ್ ಅದನ್ನು ತಿರಸ್ಕರಿಸಿ ಬ್ಯಾಟರಿಯಲ್ಲೇ ಓಡಿ ಕಡೆಗೆ ನಿಲ್ಲುತ್ತದೆ. ಹೊರಗೆ ಜನರೇಟರ್ ಸದ್ದು ಮಾಡುತ್ತಿದ್ದರೂ ಒಳಗೆ ಸರ್ವರಿಗೆ ವಿದ್ಯುತ್ ಇಲ್ಲದ ವಿಚಿತ್ರ ಪರಿಸ್ಥಿತಿ ಹುಟ್ಟುವುದು ಹೀಗೆ.

ಕೊನೆಗೆ ಸಾಕೆಟ್ಟು ಮತ್ತು ಕೇಬಲ್ಲು. 16 ಆಂಪಿಯರ್ ಪಿನ್ನನ್ನು 6 ಆಂಪಿಯರ್ ಸಾಕೆಟ್ಟಿಗೆ ಕೂರಿಸಲು ಕನ್ವರ್ಷನ್ ಪ್ಲಗ್ ಬಳಸಿದ್ದರೆ ಅದನ್ನು ಕಿತ್ತು ಮೂಸಿ ನೋಡಿ. ಸುಟ್ಟ ವಾಸನೆ, ಕಂದು ಬಣ್ಣ ಎರಡೂ ಸುಳ್ಳು ಹೇಳುವುದಿಲ್ಲ. ಸಣ್ಣ ಸರ್ವರಿನ ಹಿಂಬದಿಗೆ ಹೋಗುವ ಕೇಬಲ್ ಹೆಚ್ಚಾಗಿ ಮಾನಿಟರಿನದ್ದೇ ಮಾದರಿ. ಓಡುತ್ತಿರುವ ಮಾನಿಟರಿನ ಕೇಬಲನ್ನು ತಂದು ಹಾಕಿದರೆ ಒಂದು ಶಂಕೆ ಅರ್ಧ ನಿಮಿಷದಲ್ಲಿ ತೀರುತ್ತದೆ. ಎರಡು ಪವರ್ ಸಪ್ಲೈ ಇರುವ ಸರ್ವರಿನ ಎರಡೂ ಕೇಬಲನ್ನು ಒಂದೇ ಸ್ಪೈಕ್ ಬಸ್ಟರಿಗೆ ಚುಚ್ಚುವ ಅಭ್ಯಾಸ ಬಹಳ ಕಡೆ ಇದೆ. ಹಾಗೆ ಮಾಡಿದರೆ ಎರಡನೆಯ ಸಪ್ಲೈಗೆ ಕೊಟ್ಟ ದುಡ್ಡು ವ್ಯರ್ಥ. ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಎಂಸಿಬಿಯ ಬೇರೆ ಸಾಲಿಗೆ ಹೋಗಬೇಕು.

ಬಟನ್ ಒತ್ತುವ ಮೊದಲು

ಕೇಬಲ್ ಚುಚ್ಚಿದ ಕೂಡಲೇ, ಬಟನ್ ಮುಟ್ಟುವ ಮೊದಲೇ, ಸರ್ವರ್ ಅರೆಎಚ್ಚರದಲ್ಲಿರುತ್ತದೆ. ಪವರ್ ಸಪ್ಲೈಯಿಂದ ಒಂದು ಸಣ್ಣ ಸ್ಟ್ಯಾಂಡ್‌ಬೈ ವೋಲ್ಟೇಜು ಸದಾ ಹರಿಯುತ್ತದೆ. ಸಾಮಾನ್ಯ ಎಟಿಎಕ್ಸ್ ಮಾದರಿಯಲ್ಲಿ ಅದು ನೇರಳೆ ತಂತಿಯ 5 ವೋಲ್ಟ್, ದೊಡ್ಡ ಸರ್ವರುಗಳಲ್ಲಿ ಸಾಮಾನ್ಯವಾಗಿ 12. ಬಟನ್ ಒತ್ತಿದಾಗ ಮದರ್‌ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ, ಸಪ್ಲೈ ಪೂರ್ತಿ ಏಳುತ್ತದೆ, ಎಲ್ಲ ವೋಲ್ಟೇಜು ನೆಲೆಗೊಂಡ ಮೇಲೆ ಅರ್ಧ ಸೆಕೆಂಡಿನೊಳಗೆ ಬೂದು ತಂತಿಯಲ್ಲಿ ‘ಪವರ್ ಗುಡ್’ ಸಂಕೇತ ಮರಳುತ್ತದೆ. ಬರದಿದ್ದರೆ ಬೋರ್ಡು ಮುಂದಕ್ಕೆ ಹೋಗುವುದಿಲ್ಲ. ಒಂದೆರಡು ಸೆಕೆಂಡು ಫ್ಯಾನು ತಿರುಗಿ ನಿಲ್ಲುವ ಸರ್ವರುಗಳಲ್ಲಿ ಬಹಳಷ್ಟು ಈ ಹಂತದಲ್ಲೇ ತಡೆದಿರುತ್ತವೆ.

ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದಲೇ ಬೋರ್ಡಿನ ಮೇಲಿನ ನಿರ್ವಹಣಾ ಚಿಪ್, ಅಂದರೆ ಬಿಎಂಸಿ, ಬದುಕುತ್ತದೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಲೋ ಎಂಬ ಹೆಸರಿನಲ್ಲಿ ಇದು ಪರಿಚಿತ. ಸರ್ವರ್ ಆರಿದ್ದರೂ ಇದಕ್ಕೆ ತನ್ನದೇ ನೆಟ್‌ವರ್ಕ್ ವಿಳಾಸವಿದೆ, ಘಟನೆಗಳ ದಾಖಲೆಯಿದೆ. ಯಾವ ಸಪ್ಲೈ ಕೈಕೊಟ್ಟಿತು, ಎಷ್ಟು ಡಿಗ್ರಿಗೆ ಬಿಸಿಯಾಯಿತು, ಯಾವ ಮೆಮೊರಿ ಸ್ಲಾಟಿನಲ್ಲಿ ತೊಂದರೆ ಎಂಬುದು ಅಲ್ಲಿ ಸಮಯ ಸಮೇತ ಬರೆದಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಅದನ್ನು ಓದಬೇಕು. ಕೊಳ್ಳುವಾಗಲೇ ಆ ಚಿಪ್ಪಿನ ಪೋರ್ಟಿಗೆ ಒಂದು ಕೇಬಲ್ ಚುಚ್ಚಿ ಪಾಸ್‌ವರ್ಡ್ ಬರೆದಿಡದವರು ಅತ್ಯುತ್ತಮ ಸಾಕ್ಷಿಯನ್ನು ಕೈಯಾರೆ ಕಳೆದುಕೊಂಡಂತೆ.

ಬಿಎಂಸಿ ಎದ್ದು ನಿಲ್ಲಲು ಒಂದೆರಡು ನಿಮಿಷ ಬೇಕು. ಆ ಅವಧಿಯಲ್ಲಿ ಬಟನ್ ಸ್ಪಂದಿಸದಿರಬಹುದು. ಕೇಬಲ್ ಚುಚ್ಚಿ ಹತ್ತು ಸೆಕೆಂಡಿಗೆ ಬಟನ್ ಒತ್ತಿ, ಆಗಲಿಲ್ಲವೆಂದು ಮತ್ತೆ ಕೇಬಲ್ ಕೀಳುವವರು ಚೆನ್ನಾಗಿರುವ ಯಂತ್ರವನ್ನೂ ಆನ್ ಆಗಲು ಬಿಡುವುದಿಲ್ಲ. ಎಚ್‌ಪಿ ಸರ್ವರುಗಳಲ್ಲಿ ಬಟನ್ನಿನ ಕಿತ್ತಳೆ ದೀಪ ದೋಷದ ಗುರುತಲ್ಲ. ಯಂತ್ರ ಸಿದ್ಧವಿದೆ, ಆನ್ ಮಾಡಬಹುದು ಎಂದರ್ಥ. ಹಿಂಬದಿಯ ಸಪ್ಲೈ ಮೇಲಿನ ದೀಪ ದೋಷ ತೋರಿಸಿದರೆ ಅದು ನಿಜವಾದ ದೂರು. ಇನ್ನೊಂದು ಸಾಧ್ಯತೆ: ವಿದ್ಯುತ್ ಮರಳಿದಾಗ ಏನು ಮಾಡಬೇಕು ಎಂಬ ಬಯಾಸ್ ಆಯ್ಕೆ ‘ಆಫ್’ ಎಂದಿದ್ದರೆ ಸರ್ವರ್ ತಾನಾಗಿ ಏಳುವುದಿಲ್ಲ. ಅದು ಕೆಟ್ಟಿಲ್ಲ, ಹೇಳಿದ ಮಾತು ಕೇಳುತ್ತಿದೆ.

ಇಷ್ಟೆಲ್ಲ ಸರಿಯಿದ್ದೂ ಆನ್ ಆಗದಿದ್ದರೆ ಎಲ್ಲ ಪವರ್ ಕೇಬಲ್ ಕಿತ್ತು, ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಉಳಿದ ವಿದ್ಯುತ್ತನ್ನು ಹರಿಯಬಿಟ್ಟು ಮತ್ತೆ ಚುಚ್ಚಬೇಕು. ಸಿಕ್ಕಿಹಾಕಿಕೊಂಡ ಬಿಎಂಸಿ ಇದರಿಂದ ಬಿಡಿಸಿಕೊಳ್ಳುವುದು ಸಾಮಾನ್ಯ. ಅಲ್ಲಿಂದ ಮುಂದೆ ಮುಚ್ಚಳ ತೆಗೆಯುವ ಕೆಲಸ.

ಮುಚ್ಚಳದ ಒಳಗೆ

ಒಳಗಿನ ವಿಧಾನ ಸರಳ: ಅತ್ಯಗತ್ಯವಾದದ್ದನ್ನು ಬಿಟ್ಟು ಉಳಿದುದೆಲ್ಲವನ್ನೂ ತೆಗೆಯುವುದು. ಒಂದು ಪ್ರೊಸೆಸರ್, ಒಂದು ಮೆಮೊರಿ ಕಡ್ಡಿ, ಒಂದು ಪವರ್ ಸಪ್ಲೈ. ಹಾಗೆ ಆನ್ ಆದರೆ ತೆಗೆದದ್ದನ್ನು ಒಂದೊಂದಾಗಿ ಹಾಕುತ್ತ ಹೋಗಬೇಕು, ಯಾವುದನ್ನು ಹಾಕಿದಾಗ ನಿಂತಿತೋ ಅದೇ ಅಪರಾಧಿ. ಕೆಲವು ಮಾದರಿಗಳು ರೈಸರ್ ಕಾರ್ಡ್ ಸರಿಯಾಗಿ ಕೂರದಿದ್ದರೆ, ಮುಚ್ಚಳ ಪೂರ್ತಿ ಮುಚ್ಚದಿದ್ದರೆ ಆನ್ ಆಗುವುದೇ ಇಲ್ಲ. ಧೂಳು ಒರೆಸಲು ಬಿಚ್ಚಿದ ಮರುದಿನ ಕೆಟ್ಟ ಸರ್ವರಿನಲ್ಲಿ ಇದನ್ನೇ ಮೊದಲು ನೋಡಬೇಕು. ಒಳಗೆ ಹೊಕ್ಕ ಹಲ್ಲಿ ಎರಡು ಬಿಂದುಗಳ ನಡುವೆ ಸಿಕ್ಕಿ ಶಾರ್ಟ್ ಮಾಡುವುದು ನಮ್ಮ ಕಡೆ ಅಪರೂಪವಲ್ಲ. ಖಾಲಿ ಸ್ಲಾಟುಗಳ ಹಿಂಬದಿಯ ತಗಡನ್ನು ಬಿಸಾಡಬಾರದು ಎನ್ನುವುದು ಇದಕ್ಕೇ. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಬಿಚ್ಚಕೂಡದು. ಕೇಬಲ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು, ಅದು ಜೀವ ತೆಗೆಯುವಷ್ಟು.

ಕೆಪಾಸಿಟರುಗಳು ಇನ್ನೊಂದು ನಿಗೂಢ ಎನಿಸುವ ದೋಷಕ್ಕೂ ಮೂಲ. ವರ್ಷಗಟ್ಟಲೆ ನಿಲ್ಲದೆ ಓಡಿದ ಸರ್ವರನ್ನು ಯಾವುದೋ ಕಾರಣಕ್ಕೆ ಒಮ್ಮೆ ಆರಿಸಿದರೆ ಮತ್ತೆ ಏಳುವುದಿಲ್ಲ. ಒಳಗಿನ ದ್ರವ ನಿಧಾನಕ್ಕೆ ಆರುತ್ತ ಬಂದ ಕೆಪಾಸಿಟರ್ ಓಡುತ್ತಿರುವ ಯಂತ್ರವನ್ನು ಹೇಗೋ ಸಂಭಾಳಿಸುತ್ತದೆ, ತಣ್ಣಗಾದ ಯಂತ್ರವನ್ನು ಏಳಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಸುತ್ತಲಿನ ಶಾಖ 10 ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಹಾಗಾಗಿ ಹಳೆಯ ಸರ್ವರನ್ನು ಆರಿಸುವುದೇ ಆದರೆ ಬದಲಿ ಪವರ್ ಸಪ್ಲೈ ಕೈಯಲ್ಲಿಟ್ಟುಕೊಂಡು, ಹಗಲು ಹೊತ್ತಿನಲ್ಲಿ ಆರಿಸಬೇಕು.

ನಿಲ್ಲದೆ ಓಡುವ ಯಂತ್ರದ ಬೆಲೆ ತಿಳಿದ ಊರು ಗೌರಿಬಿದನೂರು. ಭಾಭಾ ಅಣು ಸಂಶೋಧನಾ ಕೇಂದ್ರವು 1960ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ಇಲ್ಲಿ ಭೂಕಂಪನ ಮಾಪಕಗಳ ಸಾಲನ್ನು ಹೂಡಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದೇ ಬಗೆಯ ಸೋದರ ಕೇಂದ್ರಗಳು. ದೂರದ ಭೂಗತ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸುವುದು ಇವುಗಳ ಗುರಿ. ಊರ ಹೊರಗೆ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕ ಕಟ್ಟಿದವು; 1997ರಿಂದ ಸೂರ್ಯನನ್ನು ನೋಡುವ ರೇಡಿಯೊ ಹೀಲಿಯೊಗ್ರಾಫ್ ಕೂಡ ಇದೆ. ನೆಲ ನಡುಗಿದ ಆ ಒಂದು ನಿಮಿಷ, ಸೂರ್ಯ ಸಿಡಿದ ಆ ಗಳಿಗೆ ಮತ್ತೆ ಬರುವುದಿಲ್ಲ. ದಾಖಲಿಸುವ ಯಂತ್ರ ಆಗ ಆರಿದ್ದರೆ ಆ ಮಾಹಿತಿ ಶಾಶ್ವತವಾಗಿ ಹೋಯಿತು. ರೇಡಿಯೊ ಖಗೋಳಕ್ಕೆ ಇನ್ನೊಂದು ಕಷ್ಟವೂ ಉಂಟು. ಕಂಪ್ಯೂಟರಿನ ಸ್ವಿಚಿಂಗ್ ಪವರ್ ಸಪ್ಲೈಗಳೇ ಹತ್ತಾರು ಮೆಗಾಹರ್ಟ್ಸ್‌ವರೆಗೆ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಕೆಡುತ್ತ ಬಂದ ಸಪ್ಲೈ ಆರುವ ಮೊದಲೇ ಈ ಗದ್ದಲ ಹೆಚ್ಚಿಸಬಹುದು.

ದತ್ತಾಂಶ ಮೊದಲು

ಸರ್ವರ್ ಏನೇ ಮಾಡಿದರೂ ಆನ್ ಆಗದಿದ್ದರೆ ಆತಂಕಕ್ಕೆ ಬಿದ್ದು ಡಿಸ್ಕುಗಳನ್ನು ಎಳೆಯಬಾರದು. ಆನ್ ಆಗದ ಸರ್ವರಿನ ಡಿಸ್ಕುಗಳು ಹೆಚ್ಚಿನ ಸಲ ಚೆನ್ನಾಗಿಯೇ ಇರುತ್ತವೆ. ಅವು ಹಾಳಾಗುವುದು ಅವಸರದ ದುರಸ್ತಿಯಲ್ಲಿ. ಎಳೆಯುವ ಮೊದಲು ಪ್ರತಿ ಡಿಸ್ಕಿನ ಮೇಲೆ ಅದರ ಸ್ಲಾಟ್ ಸಂಖ್ಯೆಯನ್ನು ಮಾರ್ಕರಿನಲ್ಲಿ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಅದೇ ರೇಡ್ ಕಂಟ್ರೋಲರ್ ಇರುವ ಅದೇ ಮಾದರಿಯ ಇನ್ನೊಂದು ಸರ್ವರಿಗೆ ಅದೇ ಕ್ರಮದಲ್ಲಿ ಹಾಕಿದರೆ ಹಳೆಯ ಸಂರಚನೆಯನ್ನು ಅದು ಗುರುತಿಸಿ ‘ಫಾರಿನ್’ ಎಂದು ತೋರಿಸಬಹುದು. ಆಗ ಇಂಪೋರ್ಟ್ ಆಯ್ಕೆಯನ್ನು ಮಾತ್ರ ಮುಟ್ಟಬೇಕು. ಇನಿಶಿಯಲೈಸ್ ಒತ್ತಿದರೆ ಎಲ್ಲ ಮುಗಿಯಿತು. ಬ್ಯಾಟರಿ ಇರುವ ಹಳೆಯ ರೇಡ್ ಕಾರ್ಡುಗಳು ಡಿಸ್ಕಿಗೆ ಇನ್ನೂ ಬರೆಯದ ಮಾಹಿತಿಯನ್ನು ಎರಡು ಮೂರು ದಿನ ಮಾತ್ರ ಹಿಡಿದಿಡುತ್ತವೆ. ಶನಿವಾರ ಕೆಟ್ಟ ಸರ್ವರನ್ನು ಬುಧವಾರ ನೋಡಿದರಾಯಿತು ಎನ್ನುವಂತಿಲ್ಲ.

ಬಿಡಿಭಾಗಕ್ಕೆ ಈ ಊರುಗಳವರು ಬೆಂಗಳೂರಿನ ಎಸ್.ಪಿ. ರಸ್ತೆಯನ್ನೇ ನೆಚ್ಚಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಸುಮಾರು 60 ಕಿಲೋಮೀಟರ್, ಉಳಿದ ಮೂರೂ ಊರುಗಳಿಂದ ಇನ್ನಷ್ಟು. ಹೊರಡುವ ಮೊದಲು ಹಳೆಯ ಸಪ್ಲೈಯ ಮೇಲಿನ ಪಾರ್ಟ್ ನಂಬರನ್ನೂ ವಾಟನ್ನೂ ಬರೆದುಕೊಂಡು ಹೋಗಬೇಕು. ನೋಡಲು ಒಂದೇ ತೆರನಾದ, ವಾಟು ಬೇರೆಯಾದ ಎರಡು ಸಪ್ಲೈಗಳನ್ನು ಜೊತೆ ಹಾಕಿದರೆ ಬಹಳಷ್ಟು ಸರ್ವರುಗಳು ಒಪ್ಪುವುದಿಲ್ಲ.

ದುರಸ್ತಿಗೆ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗೆ ರೂಢಿಯ ಉತ್ತರ ಕಂಪ್ಯೂಟರ್ ಎಂಜಿನಿಯರ್. ಈ ನಾಲ್ಕು ಊರುಗಳ ಮಟ್ಟಿಗೆ ಮೊದಲ ಕರೆ ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಹೋಗುವುದೇ ಸರಿ. ಕೊಳವೆಬಾವಿ ಮೋಟಾರುಗಳನ್ನು ದಿನವೂ ಬಿಚ್ಚಿ ಸುತ್ತುವ ವೈಂಡಿಂಗ್ ಅಂಗಡಿಗಳು ಇಲ್ಲಿ ಬೀದಿಬೀದಿಗೂ ಇವೆ. ಫೇಸ್ ಹೋದದ್ದು, ನ್ಯೂಟ್ರಲ್ ಸಡಿಲವಾದದ್ದು, ಅರ್ಥ್ ಸತ್ತದ್ದು ಅವರಿಗೆ ನಿತ್ಯದ ವಿಷಯ. ಸಾಕೆಟ್ಟಿನವರೆಗಿನ ದಾರಿ ಅವರದು, ಅಲ್ಲಿಂದ ಮುಂದಿನದು ಎಂಜಿನಿಯರದು.

ಸರ್ವರ್ ನೋಡಿಕೊಳ್ಳುವವರಲ್ಲಿ ಒಂದು ವಿನಂತಿ: ಯುಗಾದಿ ಕಳೆದು ಗುಡುಗು ಮಳೆ ಶುರುವಾಗುವುದರೊಳಗೆ ಯುಪಿಎಸ್ ಬ್ಯಾಟರಿಯನ್ನು ಲೋಡ್ ಕೊಟ್ಟು ಪರೀಕ್ಷಿಸಿ, ಅರ್ಥ್ ಗುಂಡಿಗೆ ನೀರು ಹುಯ್ಯಿಸಿ, ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜನ್ನು ಅಳೆದು ಗೋಡೆಯ ಮೇಲೆ ತಾರೀಖಿನ ಸಮೇತ ಬರೆದಿಡಿ. ಬ್ಯಾಕಪ್ಪಿನ ಒಂದು ಪ್ರತಿ ಆ ಕಟ್ಟಡದ ಹೊರಗಿರಲಿ.